ಆ ಹನ್ನೊಂದು ವಾರ

ಖರಾಡಿ, ಪುಣೆ
೧೪ ಜೂನ್ ೨೦೨೫

ಪೂಜ್ಯ ಅತ್ತೆಯವರಿಗೆ ನೀಲಿಮಾಳ ನಮಸ್ಕಾರ.

ಮೂರು ವರ್ಷದ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡಿ. ಸಾತ್ವಿಕ ಆರೋಗ್ಯವಾಗಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ. ಮೊಬೈಲಿಗೆ ಬರೆದರೆ ನಿಮ್ಮ ಮಗ ಮಧ್ವೇಶ ಮೊದಲು ಓದುತ್ತಾರೆ. ಅದಕ್ಕೇ ಅಂಚೆಯಲ್ಲಿ ಬರೆಯುತ್ತಿದ್ದೇನೆ.

ಹೋದ ವಾರ ಅವನನ್ನು ಕೆಳಗಿನ ಅಂಗಡಿಗೆ ಕಳಿಸಿದ್ದೆ. ಹಾಲು ಮತ್ತು ಕೊತ್ತಂಬರಿ, ಎರಡೇ ವಸ್ತು. ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಇಳಿದು ಹೋಗಿ ನೋಡಿದರೆ ಲಿಫ್ಟಿನ ಎದುರು ನಿಂತಿದ್ದ. ಅಳುತ್ತಿರಲಿಲ್ಲ. ಒಂದು ಕೈಯನ್ನು ಗೋಡೆಗೆ ಆನಿಸಿ ನೆಲ ನೋಡುತ್ತಿದ್ದ. ನನ್ನನ್ನು ಕಂಡು, "ಅಮ್ಮಾ, ನಾ ಯಾಕ ಕೆಳಗ ಬಂದೇನಿ?" ಎಂದು ಕೇಳಿದ. ತಮಾಷೆಗೆ ಕೇಳಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಶಾಲೆಯವರು ಅವನನ್ನು ಮತ್ತೆ ಮೂರನೇ ಇಯತ್ತೆಯಲ್ಲೇ ಕೂರಿಸುತ್ತೇವೆ ಎನ್ನುತ್ತಿದ್ದಾರೆ. ನಿನ್ನೆ ತಪ್ಪಿಲ್ಲದೆ ಹೇಳಿದ ಮಗ್ಗಿ ಇಂದು ಇರುವುದಿಲ್ಲ. ನೀವು ನೋಡಿದ್ದೀರಿ. ನಾನು ಮನೆ ಬಿಟ್ಟ ದಿನ ಏಳರ ಮಗ್ಗಿ ಮರೆತನೆಂದು ಅವನ ಅಪ್ಪ ಎಷ್ಟು ಹೊತ್ತು ಅವನನ್ನು ಬಾಲ್ಕನಿಗೆ ಹಾಕಿ ಚಿಲಕ ಜಡಿದಿದ್ದರು ಎಂಬುದು ನಿಮಗೂ ಗೊತ್ತು. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ.

ಡಾಕ್ಟರ್ ಪ್ರಾಚಿ ಎಂಬುವರು ಮೂರು ಶನಿವಾರ ಅವನನ್ನು ಪರೀಕ್ಷೆ ಮಾಡಿದರು. ಹತ್ತು ಶಬ್ದ ಹೇಳಿ, ಸ್ವಲ್ಪ ಹೊತ್ತು ಚಿತ್ರ ಬಿಡಿಸಲು ಕೊಟ್ಟು, ಆಮೇಲೆ ಆ ಶಬ್ದಗಳನ್ನು ಕೇಳಿದರು. ಎರಡು ಹೇಳಿದ. ಬುದ್ಧಿಗೆ ಏನೂ ಕೊರತೆಯಿಲ್ಲ, ನೆನಪು ನಿಲ್ಲುತ್ತಿಲ್ಲ ಅಷ್ಟೇ ಎಂದರು. ಇಂದು ನನ್ನೊಬ್ಬಳನ್ನೇ ಒಳಗೆ ಕರೆದರು. ಹೆರಿಗೆ ಹೇಗಾಯಿತು, ಕೂಸು ಕೂಡಲೇ ಅತ್ತಿತೇ ಎಂದೆಲ್ಲ ಕೇಳಿದ ಮೇಲೆ, ಬಸುರಿನಲ್ಲಿ ಏನಾದರೂ ದೊಡ್ಡ ಆಘಾತ, ಬಹಳ ದಿನ ನಡೆದ ಹೆದರಿಕೆ ಇತ್ತೇ ಎಂದರು.

"ಇಲ್ಲ" ಎಂದೆ.

ಅವರ ಪ್ರಶ್ನೆ ಮುಗಿಯುವ ಮುಂಚೆಯೇ ಆ ಮಾತು ಬಾಯಿಂದ ಬಂದಿತ್ತು. ಹನ್ನೊಂದು ವಾರ ದಿನವೂ ಹೇಳಿ ರೂಢಿಯಾದ ಮಾತು ಅದು. ಹೊರಗೆ ಬಂದರೆ ಸಾತ್ವಿಕ ಬೆಂಚಿನ ಮೇಲೆ ಕುಳಿತು ತನ್ನ ಅಂಗೈ ಮೇಲೆ ಪೆನ್ನಿನಿಂದ ತನ್ನದೇ ಹೆಸರು ಬರೆದುಕೊಳ್ಳುತ್ತಿದ್ದ.

ಜುಲೈ ಹನ್ನೆರಡಕ್ಕೆ ಮತ್ತೆ ಕರೆದಿದ್ದಾರೆ. ಅಂದು ನಿಜ ಹೇಳುತ್ತೇನೆ. ಅದು ನನ್ನೊಬ್ಬಳ ವಿಷಯವಲ್ಲ, ಆದ್ದರಿಂದ ನಿಮಗೆ ಮೊದಲು ತಿಳಿಸುತ್ತಿದ್ದೇನೆ.

ಇತಿ,
ನೀಲಿಮಾ


ಚಿಂಚವಡ
೨೩ ಜೂನ್ ೨೦೨೫

ಚಿ. ನೀಲಿಮಾಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಹುಡುಗ ಎಷ್ಟು ಎತ್ತರವಾಗಿದ್ದಾನೆ ಎಂದು ಒಂದು ಸಾಲೂ ಬರೆದಿಲ್ಲ.

ನಾನು ಈ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವಳು. ಇಂಥ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಹತ್ತು ದಾಟಿದ ಮೇಲೆ ತಾವೇ ಸರಿಹೋಗುತ್ತವೆ. ಮಧ್ವೇಶನಿಗೂ ಮೂರು ತುಂಬುವವರೆಗೆ ಮಾತು ಬಂದಿರಲಿಲ್ಲ. ಬ್ರಾಹ್ಮಿಯ ತುಪ್ಪ ಮಾಡಿ ಕೊಡು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಚಮಚ. ಮೊಬೈಲು ಕೈಗೆ ಕೊಡಬೇಡ.

ಡಾಕ್ಟರರ ಪ್ರಶ್ನೆಗೆ ನೀನು ಕೊಟ್ಟ ಉತ್ತರ ಸರಿಯಾಗಿಯೇ ಇದೆ. ಬಸುರಿ ಹೆಂಗಸಿಗೆ ಚಿಂತೆ ಇಲ್ಲದ ಮನೆ ಯಾವುದಿದೆ? ಮಧ್ವೇಶ ಹೊಟ್ಟೆಯಲ್ಲಿದ್ದಾಗ ನನ್ನ ತಂದೆ ತೀರಿಕೊಂಡರು, ಧಾರವಾಡಕ್ಕೆ ಹೋಗಲು ನನ್ನನ್ನು ಬಿಡಲಿಲ್ಲ. ಅವನು ಓದಲಿಲ್ಲವೇ? ಎಂಜಿನಿಯರ್ ಆಗಲಿಲ್ಲವೇ?

ಆ ವಿಷಯ ಮುಗಿದುಹೋಗಿದೆ. ನೀನು ಹೇಳಿದರೆ ಡಾಕ್ಟರು ಬರೆದುಕೊಳ್ಳುತ್ತಾರೆ, ಬರೆದದ್ದು ಕಾಗದದಲ್ಲಿ ಉಳಿಯುತ್ತದೆ. ನಾಳೆ ಯಾರ ಕೈಗೆ ಹೋಗುತ್ತದೋ ಯಾರು ಬಲ್ಲರು. ಹುಡುಗನ ಅಪ್ಪನ ಹೆಸರು ಹಾಳಾದರೆ ಹುಡುಗನ ನೆನಪು ಬರುತ್ತದೆಯೇ?

ಅವನಿಗೆ ಅಜ್ಜಿ ಇದ್ದಾಳೆಂಬ ನೆನಪಾದರೂ ಇದೆಯೇ? ಕೇಳಿ ಬರೆ.

ಇತಿ ಆಶೀರ್ವಾದಗಳು,
ರಂಗೂಬಾಯಿ


ಖರಾಡಿ
೧೩ ಜುಲೈ ೨೦೨೫

ಅತ್ತೆಯವರಿಗೆ ನಮಸ್ಕಾರ.

ಕೇಳಿದೆ. "ಅಜ್ಜಿ ಅಂದ್ರ ಜೋರಾಗಿ ಮಾತಾಡಬೇಕು, ಹೌದಲ್ಲ?" ಎಂದ. ನಿಮ್ಮ ಕಿವಿಯ ವಿಷಯ ಅವನಿಗೆ ನೆನಪಿದೆ. ನನ್ನ ಭುಜದವರೆಗೆ ಬಂದಿದ್ದಾನೆ.

ನಿನ್ನೆ ಡಾಕ್ಟರ್ ಪ್ರಾಚಿಗೆ ಎಲ್ಲ ಹೇಳಿದೆ. ನಾಲಿಗೆ ತಡವರಿಸಿತು, ಮೊದಲ ಸಲ ಹೇಳುತ್ತಿದ್ದೆನಲ್ಲ. ನಿಮಗೂ ಬರೆಯುತ್ತೇನೆ. ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಇದನ್ನು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ.

೨೦೧೫ರ ನವೆಂಬರಿನಲ್ಲಿ ನನಗೆ ಐದು ತಿಂಗಳು. ಚಾಕಣದ ಆ ಫ್ಯಾಕ್ಟರಿಯಲ್ಲಿ ಮಧ್ವೇಶ ಪ್ರೆಸ್ ವಿಭಾಗದ ಮುಖ್ಯಸ್ಥರು. ಸಿಕ್ಕಿಕೊಂಡ ತಗಡು ತೆಗೆಯಲು ಬಗ್ಗಿದ ಕಾರ್ಮಿಕ ಗೂಳಪ್ಪನ ಮೇಲೆ ತಗಡು ಒತ್ತುವ ಪ್ರೆಸ್ ಇಳಿದು, ಅವನು ಅಲ್ಲೇ ತೀರಿಕೊಂಡ. ಒಳಗೆ ಯಾರಾದರೂ ಕೈ ಚಾಚಿದರೆ ಯಂತ್ರ ತಾನೇ ನಿಲ್ಲಬೇಕು, ಅದಕ್ಕೆ ಸೆನ್ಸರ್ ಇತ್ತು. ಅಂದು ಅದನ್ನು ಬಂದ್ ಮಾಡಿಸಿದ್ದರು. ಗೂಳಪ್ಪ ಕುಡಿದು ಬಂದು ತಾನೇ ಸೆನ್ಸರ್ ಬಂದ್ ಮಾಡಿಕೊಂಡ ಎಂದು ಫ್ಯಾಕ್ಟರಿಯವರು ವರದಿ ಬರೆದರು. ಆದರೂ ವಿಭಾಗದ ಮುಖ್ಯಸ್ಥರನ್ನು ಹಿಡಿಯಲೆಂದು ಪೊಲೀಸರು ಹುಡುಕಿಕೊಂಡು ಬರುವಷ್ಟರಲ್ಲಿ ಮಧ್ವೇಶ ಮೇಲಿನ ಮಹಡಿಯ ಖಾಲಿ ಫ್ಲ್ಯಾಟಿನಲ್ಲಿದ್ದರು. ಪರದೇಶಕ್ಕೆ ಹೋಗಿದ್ದ ಆ ಮನೆಯವರು ಕೀಲಿಕೈಯನ್ನು ನಮ್ಮಲ್ಲಿ ಬಿಟ್ಟಿದ್ದರು.

ಮೂರನೆಯ ದಿನ ಊಟ ತೆಗೆದುಕೊಂಡು ನಾವಿಬ್ಬರೂ ಮೇಲೆ ಹೋದಾಗ ಅವರು ಆಡಿದ ಮಾತು ನಿಮಗೆ ನೆನಪಿರಬೇಕು. ಆಗ ನಿಮ್ಮ ಕಿವಿ ಚೆನ್ನಾಗಿತ್ತು. "ಸೆನ್ಸರ್ ಬಂದ್ ಮಾಡಸ್ರಿ ಅಂತ ನಾನೇ ಹೇಳಿದ್ದೆ, ಅವ್ವಾ. ಮಾಲು ಕಳಸೂದಿತ್ತು. ಗೂಳಪ್ಪ ಕುಡದಿದ್ದಿಲ್ಲ. ಅವ ಎಂದೂ ಮುಟ್ಟಿದಾವಲ್ಲ."

ನೀವು ಅವರಿಗೆ ಸಾರು ಬಡಿಸಿದಿರಿ.

ಆಮೇಲೆ ಹನ್ನೊಂದು ವಾರ, ಜಾಮೀನು ಸಿಗುವವರೆಗೆ, ಪೊಲೀಸರು ಬಂದಾಗಲೆಲ್ಲ ಬಾಗಿಲಿಗೆ ನನ್ನನ್ನೇ ಕಳಿಸುತ್ತಿದ್ದಿರಿ. ಮೊದಲ ದಿನ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಿರಿ: "ಹೊಟ್ಟಿ ಮ್ಯಾಲೆ ಕೈ ಇಟ್ಟು ಹೇಳು. ನಂಬತಾರ." ಅವರು ಮನೆಯಲ್ಲಿಲ್ಲ ಎಂದು ಹಾಗೆಯೇ ಹೇಳಿದೆ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಕೂಸು ಹೊಟ್ಟೆಯಲ್ಲಿ ಗಪ್ಪನೆ ಸುಮ್ಮನಾಗುತ್ತಿತ್ತು. ಪೊಲೀಸರು ಇಳಿದು ಹೋದ ಎಷ್ಟೋ ಹೊತ್ತಿನ ಮೇಲೆ ಮತ್ತೆ ಮಿಸುಕುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಪೊಲೀಸರಿಗಿಂತ ನನಗೆ ತಿಪ್ಪವ್ವಳ ಹೆದರಿಕೆಯಿತ್ತು. ಗೂಳಪ್ಪನ ಹೆಂಡತಿ. ಅವಳಿಗೂ ನನ್ನಷ್ಟೇ ತಿಂಗಳಾಗಿತ್ತು. ಬೆಳಿಗ್ಗೆ ಬಂದು ನಮ್ಮ ಗೇಟಿನ ಬಳಿ ಇರುತ್ತಿದ್ದಳು. ಕೂಗಾಡಲಿಲ್ಲ, ಶಪಿಸಲಿಲ್ಲ. ನಾನು ಕನ್ನಡದವಳೆಂದು ತಿಳಿದ ಮೇಲೆ ನನ್ನನ್ನೇ ಕೇಳುತ್ತಿದ್ದಳು: "ಅಕ್ಕಾರ, ಸಾಹೇಬ್ರು ಬಂದಾರೇನ್ರಿ? ನನ್ನ ಗಂಡ ಕುಡದಿದ್ದಿಲ್ಲ ಅಂತ ಒಂದ್ ಮಾತ ಹೇಳಿದ್ರ ಸಾಕ್ರಿ. ಮತ್ತೇನೂ ಬ್ಯಾಡ." ಅವಳಿಗೂ ಇಲ್ಲ ಎಂದೆ. ಹೊಟ್ಟೆ ಮೇಲೆ ಕೈ ಇಟ್ಟೇ.

ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತಾಯಿಯ ಮೈಯಲ್ಲಿ ಭಯ ತಿಂಗಳುಗಟ್ಟಲೆ ನಿಂತರೆ, ಆ ಭಯಕ್ಕೆ ಊರುವ ರಸ ಸ್ವಲ್ಪ ಮಟ್ಟಿಗೆ ಕೂಸಿಗೂ ದಾಟುತ್ತದಂತೆ. ನೆನಪನ್ನು ಕೂಡಿಡುವ ಮೆದುಳಿನ ಭಾಗ ಆಗ ತಾನೇ ಕಟ್ಟಿಕೊಳ್ಳುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಅದರ ಪೆಟ್ಟು ಶಾಲೆಗೆ ಸೇರಿದ ಮೇಲೆ ಕಾಣುತ್ತದೆ. ಎಷ್ಟೋ ಮಕ್ಕಳಿಗೆ ಏನೂ ಆಗುವುದಿಲ್ಲ. ಸಾತ್ವಿಕನಿಗೆ ಇದರಿಂದಲೇ ಹೀಗಾಯಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು ಎಂದರು. ಕಲಿಸುವ ರೀತಿ ಬದಲಿಸಿದರೆ, ಅವನನ್ನು ಹೆದರಿಸದೆ ಇದ್ದರೆ ಬಹಳ ಸುಧಾರಿಸಬಹುದು ಎಂದೂ ಹೇಳಿದರು. "ನಿಮ್ಮನ್ನು ದೂಷಿಸಿಕೊಳ್ಳಬೇಡಿ" ಎಂದು ಎರಡು ಸಲ ಅಂದರು. ಆದರೂ ಮನೆಗೆ ಬಂದು ಅವನ ತಲೆ ಬಾಚುವಾಗ, ನನ್ನ ಮಗುವಿನ ಮೆದುಳಿಗೆ ನಾನೇ ಏಟು ಕೊಟ್ಟೆನೇನೋ ಅನ್ನಿಸುತ್ತದೆ.

ಇನ್ನೊಂದು ಮಾತು. ತಿಪ್ಪವ್ವಳ ಕೂಸಿಗೂ ಈಗ ಒಂಬತ್ತು ತುಂಬಿರಬೇಕು. ಬಸುರಿನಲ್ಲಿ ಏನಾಗಿತ್ತು ಎಂದು ಅವಳನ್ನು ಯಾರಾದರೂ ಕೇಳಿದ್ದಾರೆಯೇ?

ನೀಲಿಮಾ


ಚಿಂಚವಡ
೨೮ ಜುಲೈ ೨೦೨೫

ನೀಲಿಮಾಗೆ,

ಎಲ್ಲವನ್ನೂ ಮಸಿಯಲ್ಲಿ ಬರೆದಿದ್ದೀ, ಹೆಸರು ಸಮೇತ. ಮಧ್ವೇಶ ಓದಿದ. ನನಗೆ ಕೇಳಿಸುವುದಿಲ್ಲವೆಂದು ಅವನು ನನ್ನೊಡನೆ ಆಡಬೇಕಾದ್ದನ್ನು ಕಾಗದದ ಮೇಲೆ ಬರೆದು ತೋರಿಸುತ್ತಾನೆ. ಬರೆದ: "ಚಿಂತಿ ಮಾಡು ಅಂತ ಅಕಿಗೆ ಯಾರ್ ಹೇಳಿದ್ರು? ಮನ್ಯಾಗ ಎಲ್ಲಾ ಇತ್ತು. ಅಕೀನ ಅಂಜಿ ಅಂಜಿ ನನ್ನ ಮಗನ್ನ ಹಿಂಗ ಮಾಡ್ಯಾಳ."

ನಾನು ಆ ಕಾಗದವನ್ನು ಮಡಿಚಿಟ್ಟೆ.

ನಿನಗೆ ಒಂದೇ ಮಾತು ಹೇಳುತ್ತೇನೆ, ಸೊಸೆ ಎಂದು ಹೇಳುತ್ತೇನೆ. ಆ ಹೆಂಗಸನ್ನು ಹುಡುಕಲು ಹೋಗಬೇಡ. ನೀನು ಹೋಗಿ ನಿಂತರೆ ಅವಳ ಗಾಯ ವಾಸಿಯಾಗುವುದಿಲ್ಲ, ನಿನ್ನದಷ್ಟೇ ಕೆದರುತ್ತದೆ. ಇನ್ನು ಮುಂದೆ ಹುಡುಗನ ವಿಷಯ ಬಿಟ್ಟು ಬೇರೇನೂ ಬರೆಯಬೇಡ.

ರಂಗೂಬಾಯಿ


ಖರಾಡಿ
೩೧ ಆಗಸ್ಟ್ ೨೦೨೫

ಅತ್ತೆಯವರಿಗೆ,

ಹೋಗಿದ್ದೆ.

ಮೂರು ಭಾನುವಾರ ಹುಡುಕಿದೆ. ಚಾಕಣದಲ್ಲಿ ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾದಲ್ಲಿ ಕನ್ನಡ ಕೇಳಿಸಿದವರನ್ನೆಲ್ಲ ವಿಚಾರಿಸಿದೆ. ಅವ್ವಣ್ಣ ಎಂಬ ಮುದುಕ ಗೂಳಪ್ಪನ ಊರಿನ ಕಡೆಯವನು. ಅವನೇ ದಾರಿ ತೋರಿಸಿದ. ಫ್ಯಾಕ್ಟರಿಗಳ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಇದೆ, ತಿಪ್ಪವ್ವ ಅಲ್ಲಿ ರೊಟ್ಟಿ ಬಡಿಯುತ್ತಾಳೆ. ದಿನಕ್ಕೆ ಮುನ್ನೂರು ರೊಟ್ಟಿ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಕೈ ನಿಲ್ಲಿಸದೆ ಕೇಳಿದಳು, "ನೀವು ಗೇಟಿನ ಮನಿ ಅಕ್ಕಾರಲ್ರಿ?"

ಒಂಬತ್ತು ವರ್ಷದ ಮೇಲೆ ಒಂದೇ ನೋಟಕ್ಕೆ ಗುರುತು ಹಿಡಿದಳು.

ಮೂಲೆಯಲ್ಲಿ ಒಬ್ಬ ಹುಡುಗಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಂಬಾ. ತಿಪ್ಪವ್ವಳ ಮಗಳು, ಸಾತ್ವಿಕನಿಗಿಂತ ಹದಿನಾರು ದಿನ ಚಿಕ್ಕವಳು. ತಿಪ್ಪವ್ವ ಅವಳಿಗೆ, "ಅಕ್ಕಾರಿಗೆ ಒಂದ್ ತಾಟು, ನೀರು ತಗೊಂಬಾ" ಎಂದಳು. ಹುಡುಗಿ ಎದ್ದು ತಾಟುಗಳಿದ್ದ ಗೋಡೆಯ ಮಾಡದ ಹತ್ತಿರ ಹೋಗಿ ನಿಂತಳು. ಒಂದು ಕೈ ಗೋಡೆಗೆ, ಕಣ್ಣು ನೆಲಕ್ಕೆ. ಆ ನಿಲುವನ್ನು ನಾನು ಬಲ್ಲೆ, ಅತ್ತೆ. ತಿರುಗಿ ಬಂದು ಮತ್ತೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಳು. ತಿಪ್ಪವ್ವ ಬೈಯಲಿಲ್ಲ, ತಾನೇ ಎದ್ದು ತಾಟು ತಂದಳು.

"ಸಾಲಿಗಿ ಹೋಗಂಗಿಲ್ಲೇನು?" ಎಂದೆ.

"ಎರಡನೇತ್ತಕ್ಕ ಬಿಡಿಸಿದೆನ್ರಿ. ಸಾಲಿ ಕಲಿಸೂ ಬಾಯಾರು ಅಂದ್ರು, ಇದರ ತಲ್ಯಾಗ ಏನೂ ನಿಂದ್ರಂಗಿಲ್ಲ, ಕುಡುಕನ ಮಗಳು, ಹಿಂಗ ಇರತಾವ ಅಂತ. ಹಿಂದ ಕುಂದ್ರಸತಿದ್ರು. ಹುಡುಗೂರು ಅದನ್ನ ಹೆಸರಿಟ್ಟು ಕರೀತಿದ್ವು."

"ಗೂಳಪ್ಪ ಕುಡೀತಿದ್ದಿಲ್ಲ ಅಂತ ನೀನ ಹೇಳತಿದ್ದೆಲ್ಲ ತಿಪ್ಪವ್ವಾ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ಮೊದಲ ಹೇಳತಿದ್ದೆನ್ರಿ. ಅಂದವರ ಕೂಡೆಲ್ಲ ಜಗಳಾಡಿದೆ. ಆಮ್ಯಾಲೆ ಅತ್ತಿ ಅಂದ್ಲು, ಊರಾಗ ಅಂದ್ರು, ಸಾಲ್ಯಾಗೂ ಅಂದ್ರು. ಒಂಬತ್ತ ವರ್ಷ ಆತಲ್ರಿ ಅಕ್ಕಾರ. ಈಗ ನನಗೂ ಬರೋಬ್ಬರಿ ನೆನಪಿಲ್ಲ. ಅವತ್ತ ಕುಡದಿದ್ನೋ ಏನೋ."

ನನ್ನ ಎದುರಿಗೆ ರೊಟ್ಟಿ, ಪುಂಡಿಪಲ್ಯೆ ಇತ್ತು. ಗೂಳಪ್ಪ ಕುಡಿದಿರಲಿಲ್ಲವೆಂದು ಹೇಳಲೆಂದೇ ಹೋದವಳು. ಹೇಳಲಿಲ್ಲ. ಅವಳು ಬಡಿಸಿದ್ದನ್ನು ತಿಂದು ಎದ್ದು ಬಂದೆ. ನಾನು ಇನ್ನೂ ಎಂಥವಳೆಂದು ನನಗೆ ಅಲ್ಲಿ ತಿಳಿಯಿತು.

ಮರುದಿನ ವಕೀಲರೊಬ್ಬರನ್ನು ಕಂಡೆ. ಗಂಡ ತನ್ನೊಡನೆ ಆಡಿದ ಮಾತನ್ನು ಹೆಂಡತಿ ಕೋರ್ಟಿನಲ್ಲಿ ಸಾಕ್ಷಿಯಾಗಿ ಹೇಳುವುದಕ್ಕೆ ಕಾನೂನು ಅಡ್ಡ ಬರುತ್ತದೆ, ನಿಮ್ಮೊಬ್ಬರಿಂದ ಇದು ನಿಲ್ಲುವುದಿಲ್ಲ ಎಂದರು. "ಆಗ ಬೇರೆ ಯಾರಾದರೂ ಇದ್ದರೇ?" ಎಂದು ಕೇಳಿದರು.

ನೀವಿದ್ದಿರಿ. ಒಮ್ಮೆ ನನ್ನೊಡನೆ ಬನ್ನಿ. ಕೋರ್ಟಿಗೆ ಬೇಡವೆಂದರೆ ಬೇಡ, ಆ ಖಾನಾವಳಿಗಾದರೂ ಬನ್ನಿ. ನಾನೇ ಬಂದು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ನಿಮ್ಮ,
ನೀಲಿಮಾ


ಖರಾಡಿ
೧೨ ಅಕ್ಟೋಬರ್ ೨೦೨೫

ಅತ್ತೆಯವರಿಗೆ,

ಆರು ವಾರದಿಂದ ನಿಮ್ಮ ಉತ್ತರವಿಲ್ಲ. ಬದಲಿಗೆ ಮಧ್ವೇಶನ ವಕೀಲರ ಕಾಗದ ಬಂದಿದೆ. ಸಾತ್ವಿಕನನ್ನು ತಮ್ಮ ವಶಕ್ಕೆ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದ್ದಾರೆ. ತಾಯಿಯ ಮನಸ್ಸು ಬಸುರಿನಿಂದಲೇ ಸ್ಥಿಮಿತದಲ್ಲಿಲ್ಲ, ಅದರಿಂದಲೇ ಮಗುವಿಗೆ ಹಾನಿಯಾಗಿದೆ, ಇದನ್ನು ತಾಯಿಯೇ ಒಪ್ಪಿದ್ದಾಳೆ ಎಂದು ಅದರಲ್ಲಿದೆ.

ಜೊತೆಗೆ ನನ್ನ ಜುಲೈ ತಿಂಗಳ ಪತ್ರದ ನಕಲು. ನಾನು ಬರೆದದ್ದು ಮೂರು ಹಾಳೆ, ಅದರಲ್ಲಿ ಕೊನೆಯ ಹಾಳೆಯೊಂದನ್ನೇ ಲಗತ್ತಿಸಿದ್ದಾರೆ. "ನನ್ನ ಮಗುವಿನ ಮೆದುಳಿಗೆ ನಾನೇ ಏಟು ಕೊಟ್ಟೆನೇನೋ" ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಮೇಲಿನ ಫ್ಲ್ಯಾಟಿನ ಮಾತು, ಪೊಲೀಸರ ಮಾತು, ಗೂಳಪ್ಪನ ಮಾತು ಇದ್ದ ಹಾಳೆಗಳಿಲ್ಲ.

ಆ ಎರಡು ಹಾಳೆ ಎಲ್ಲಿವೆ ಅತ್ತೆ? ಪತ್ರ ಬಂದದ್ದು ನಿಮ್ಮ ಹೆಸರಿಗೆ.

ಸಾತ್ವಿಕನಿಗೆ ಇನ್ನೂ ಹೇಳಿಲ್ಲ. ಹೇಳಿದರೂ ಮರೆಯುತ್ತಾನೆ, ಪ್ರತಿ ಬೆಳಿಗ್ಗೆ ಹೊಸದಾಗಿ ಹೇಳಬೇಕಾಗುತ್ತದೆ.

ನೀಲಿಮಾ


ಚಿಂಚವಡ
೨ ನವೆಂಬರ್ ೨೦೨೫

ನೀಲಿಮಾ,

ದೀಪಾವಳಿ ಕಳೆಯಲಿ ಎಂದು ಕಾದೆ. ಅದು ನೆಪ ಎಂದು ನೀನು ಅಂದುಕೊಳ್ಳುತ್ತೀ. ನೆಪವೇ ಹೌದು.

ಆ ಹಾಳೆಯನ್ನು ನಾನೇ ಕೊಟ್ಟೆ. ಅವನು ಕಸಿದುಕೊಳ್ಳಲಿಲ್ಲ, ಹೆದರಿಸಲಿಲ್ಲ. ಮೊದಲು ಓದಿದ ಮೇಲೆ ಪತ್ರವನ್ನು ನನ್ನ ಕಪಾಟಿನಲ್ಲೇ ಇಟ್ಟಿದ್ದ. ಸೆಪ್ಟೆಂಬರಿನಲ್ಲಿ ಒಂದು ದಿನ ಕಾಗದದ ಮೇಲೆ "ಅಕಿ ಪತ್ರ ಬೇಕು" ಎಂದು ಬರೆದು ತೋರಿಸಿದ. ಮೂರನೆಯ ಹಾಳೆಯನ್ನು ಬೇರೆ ಮಾಡಿ ಅವನ ಕೈಗೆ ಕೊಟ್ಟೆ. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ನನಗೆ ತಿಳಿದಿತ್ತು. ಉಳಿದೆರಡನ್ನು ಗ್ಯಾಸಿನ ಒಲೆಯ ಮೇಲೆ ಸುಟ್ಟೆ. ಅವುಗಳಲ್ಲಿ ನನ್ನ ಮಾತುಗಳೂ ಇದ್ದವಲ್ಲ.

ನೀನು ನನ್ನನ್ನು ಕರೆದಿದ್ದೀ. ನಾನು ಬರುವುದಿಲ್ಲ. ಅವನು ಅಂದು ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ, ಮರೆತಿಲ್ಲ. ಮರೆತಿದ್ದೇನೆಂದು ನಿನಗೆ ಬರೆಯಬಹುದಿತ್ತು, ಈ ವಯಸ್ಸಿಗೆ ಯಾರಾದರೂ ನಂಬುತ್ತಿದ್ದರು. ನನಗೆ ಎಪ್ಪತ್ತನಾಲ್ಕು. ನನ್ನ ಕಾಲಿನ ಉಗುರು ಕತ್ತರಿಸುವವನು ಅವನು. ಅವನು ಎದ್ದು ಹೋದರೆ ಈ ಮನೆಯಲ್ಲಿ ನನಗೆ ಒಂದು ಶಬ್ದವೂ ಇಲ್ಲ. ಮಗನ ವಿರುದ್ಧ ನಿಂತು ಮಾತಾಡುವ ತಾಯಂದಿರು ಇರಬಹುದು. ನಾನು ಅಂಥವಳಲ್ಲ.

ಆದರೆ ನಿನಗೆ ಗೊತ್ತಿರದ ಒಂದು ಸಂಗತಿ ಬರೆಯುತ್ತೇನೆ. ಗೇಟಿನ ಬಳಿ ಬೇವಿನ ಮರದ ಕೆಳಗೆ ಒಂದು ಕಲ್ಲಿತ್ತು. ತಿಪ್ಪವ್ವ ಮೊದಲ ಮೂರು ವಾರ ಅದರ ಮೇಲೆ ಕೂರುತ್ತಿದ್ದಳು. ವಾಚ್‌ಮನ್‌ಗೆ ಹೇಳಿ ಅದನ್ನು ತೆಗೆಸಿಹಾಕಿದವಳು ನಾನು. ಕೂರಲು ಜಾಗವಿಲ್ಲದಿದ್ದರೆ ಬರುವುದು ಬಿಡುತ್ತಾಳೆಂದುಕೊಂಡೆ. ಬಿಡಲಿಲ್ಲ. ಮರುದಿನದಿಂದ ನಿಂತಿರತೊಡಗಿದಳು. ಏಳನೇ ತಿಂಗಳವರೆಗೂ ನಿಂತಿದ್ದಳು. ಅಡುಗೆಮನೆಯ ಕಿಟಕಿಯಿಂದ ದಿನವೂ ನೋಡುತ್ತಿದ್ದೆ. ಸೊಂಟಕ್ಕೆ ಕೈ ಕೊಟ್ಟುಕೊಂಡು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಎರಡು ಮಕ್ಕಳನ್ನು ಹೆತ್ತವಳು ನಾನು, ಅದು ಏನೆಂದು ನನಗೆ ಗೊತ್ತಿರಲಿಲ್ಲವೇ.

ಹೊಟ್ಟೆಯ ಮೇಲೆ ಕೈ ಇಡು ಎಂದದ್ದು ಅತ್ತೆ ಎಂದು ನಿನ್ನ ಡಾಕ್ಟರಿಗೆ ಹೇಳು. ಅವರು ಬರೆದುಕೊಳ್ಳಲಿ. ನೀನು ಅಂಜಿದ್ದು ನಿನ್ನಿಂದಲ್ಲ.

ಇದಕ್ಕಿಂತ ಹೆಚ್ಚು ನನ್ನಿಂದ ಆಗದು.

ರಂಗೂಬಾಯಿ


ಖರಾಡಿ
೧೪ ಡಿಸೆಂಬರ್ ೨೦೨೫

ಅತ್ತೆಯವರಿಗೆ,

ನಿಮ್ಮ ಪತ್ರವನ್ನು ನನ್ನ ವಕೀಲರಿಗೆ ಕೊಟ್ಟಿದ್ದೇನೆ. ಕೊಡುತ್ತೇನೆಂದು ತಿಳಿದೇ ಬರೆದಿರೋ, ಅದು ಹೊಳೆಯದೆ ಬರೆದಿರೋ, ನಾನು ಕೇಳುವುದಿಲ್ಲ. ಅಂದು ಮಧ್ವೇಶ ಏನೆಂದರು ಎಂದು ನೀವು ಅದರಲ್ಲಿ ಎಲ್ಲಿಯೂ ಬಿಡಿಸಿ ಬರೆದಿಲ್ಲ, ಇದರಿಂದ ಹೆಚ್ಚೇನೂ ಆಗದು ಎಂದು ಅವರು ಹೇಳಿದರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಕಲಿಸಿದ ನಿಮಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತು.

ತೀರ್ಪು ಬರುವವರೆಗೆ ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಸಾತ್ವಿಕ ನಿಮ್ಮ ಮನೆಯಲ್ಲಿರಬೇಕೆಂದು ನ್ಯಾಯಾಲಯ ಹೇಳಿದೆ. ಇದೇ ಹತ್ತೊಂಬತ್ತಕ್ಕೆ ಬರುತ್ತಾನೆ. ಅವನಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹೇಳಿದ್ದನ್ನು ಅವನ ಬಾಯಿಂದ ಮತ್ತೆ ಹೇಳಿಸಿ. ಮರೆತರೆ "ಯಾಕ ಮರತಿ" ಎಂದು ಕೇಳಬೇಡಿ. ಹಾಗೆ ಕೇಳಿದರೆ ತೊದಲುತ್ತಾನೆ. ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಂತೆ ನೋಡಿಕೊಳ್ಳಿ. ನಿಮಗೆ ಕೇಳಿಸುವುದಿಲ್ಲ, ಅವನು ಬಾಗಿಲು ತಟ್ಟಿದರೆ ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಅವನ ಹತ್ತಿರವೇ ಕುಳಿತಿರಿ.

ಹೋದ ಭಾನುವಾರ ಮತ್ತೆ ಚಾಕಣಕ್ಕೆ ಹೋದೆ. ಈ ಸಲ ಊಟಕ್ಕೆ ಕೂರಲಿಲ್ಲ. ನಿಂತೇ ಹೇಳಿದೆ. ಗೂಳಪ್ಪ ಕುಡಿದಿರಲಿಲ್ಲ ಎಂದು, ಸೆನ್ಸರ್ ಬಂದ್ ಮಾಡಿಸಿದವರು ಯಾರು ಎಂದು. ಕಲ್ಲಿನ ವಿಷಯವನ್ನೂ ಹೇಳಿದೆ.

ತಿಪ್ಪವ್ವ ಹಿಟ್ಟಿನ ಕೈಯಲ್ಲೇ ಕೇಳಿಸಿಕೊಂಡಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. "ನಾ ಗೇಟಿನ್ಯಾಗ ಕೇಳಿದಾಗ, ಸಾಹೇಬ್ರು ಮ್ಯಾಲೆ ಇದ್ರೇನ್ರಿ?"

"ಇದ್ರು."

"ದಿನಾ?"

"ದಿನಾ ಇದ್ರು, ತಿಪ್ಪವ್ವಾ."

ಅವಳು ಎದ್ದು ಹೊರಗೆ ಹೋದಳು. ಒಲೆಯ ಮೇಲಿನ ರೊಟ್ಟಿ ಕರಿಕಾಗುತ್ತಿತ್ತು, ನಾನು ತೆಗೆದೆ. ಮುಖ ತೊಳೆದುಕೊಂಡು ಬಂದು ಅಂಬಾಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದಳು. "ಇಕಿಗೆ ಹೇಳ್ರಿ. ನಿಮ್ಮ ಬಾಯಿಲೆ ಹೇಳ್ರಿ."

ಮೊಣಕಾಲೂರಿ ಕುಳಿತು ಹೇಳಿದೆ. ಹುಡುಗಿ ನನ್ನನ್ನೂ ಅವ್ವನನ್ನೂ ನೋಡಿ, "ಹಂಗಾರ ನಾ ಸಾಲಿಗಿ ಹೋಗಬೌದೇನು?" ಎಂದಳು.

ತಿಪ್ಪವ್ವ ಅಂದಳು, "ಬರಕೊಡ್ರಿ. ಇಕಿಗೆ ಇವತ್ತ ಹೇಳಿದ್ದು ನಾಳಿಗೆ ಇರಂಗಿಲ್ಲ. ನನಗೂ ಇದ್ದಿಲ್ಲ ನೋಡ್ರಿ. ನಾ ಏಳನೇತ್ತಾ ತನಕ ಕನ್ನಡ ಸಾಲಿ ಕಲತೇನಿ, ಓದಿ ಹೇಳತೇನಿ. ಬರದು, ಸಹಿ ಮಾಡಿ ಹೋಗ್ರಿ. ಮತ್ತ ಬರಬ್ಯಾಡ್ರಿ."

ಡಾಕ್ಟರ್ ಪ್ರಾಚಿಯ ವಿಳಾಸ ಕೊಡಲು ಹೋದೆ. ಆ ಚೀಟಿಯನ್ನು ಮಾತ್ರ ತೆಗೆದುಕೊಂಡಳು. ನನ್ನನ್ನು ಕ್ಷಮಿಸಿದಳೆಂದು ತಿಳಿಯಬೇಡಿ. ನಾನು ಅದನ್ನು ಕೇಳಲಿಲ್ಲ.

ನನ್ನ ಸಹಿಯ ಇಂಥ ಕಾಗದವನ್ನು ಮಧ್ವೇಶನ ವಕೀಲರು ಕಂಡರೆ ಏನಾಗಬಹುದೆಂದು ನನ್ನ ವಕೀಲರು ಮೊದಲೇ ಎಚ್ಚರಿಸಿದ್ದರು. ಸಾತ್ವಿಕನನ್ನು ಕಳೆದುಕೊಳ್ಳಬಹುದು. ಆದರೂ ಬರೆದುಕೊಟ್ಟೆ. ಅದರ ನಕಲು ಇದರೊಳಗಿದೆ. ಇದನ್ನು ಸುಟ್ಟರೂ ಮೂಲ ಪ್ರತಿ ಚಾಕಣದಲ್ಲಿದೆ.

ನೀಲಿಮಾ


ಚಾಕಣ
೭ ಡಿಸೆಂಬರ್ ೨೦೨೫

ಅಂಬಾಗೆ,

ಇದನ್ನು ನಿನ್ನ ಅವ್ವ ನಿನಗೆ ಓದಿ ಹೇಳುತ್ತಾಳೆ. ಮುಂದೆ ನೀನೇ ಓದಬಹುದು.

ನಿನ್ನ ಅ‌ಪ್ಪನ ಹೆಸರು ಗೂಳಪ್ಪ. ಪ್ರೆಸ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಸತ್ತ ದಿನ ಅವರು ಕುಡಿದಿರಲಿಲ್ಲ. ಅವರು ಎಂದೂ ಕುಡಿಯುತ್ತಿರಲಿಲ್ಲ. ಯಂತ್ರವನ್ನು ನಿಲ್ಲಿಸುವ ಸೆನ್ಸರನ್ನು ಅವರು ಬಂದ್ ಮಾಡಲಿಲ್ಲ. ಅದನ್ನು ಬಂದ್ ಮಾಡಿಸಿದವರು ನನ್ನ ಗಂಡ ಮಧ್ವೇಶ. ಇದನ್ನು ಅವರೇ ಹೇಳಿದಾಗ ನಾನು ಅಲ್ಲಿದ್ದೆ.

ಆಮೇಲೆ ನಿನ್ನ ಅವ್ವ ನಮ್ಮ ಮನೆಯ ಗೇಟಿಗೆ ಬಂದು ನನ್ನನ್ನು ಕೇಳಿದಳು. ಹನ್ನೊಂದು ವಾರ ಕೇಳಿದಳು. ಆಗ ನೀನು ಅವಳ ಹೊಟ್ಟೆಯಲ್ಲಿದ್ದೆ. ನನಗೆ ಎಲ್ಲ ಗೊತ್ತಿದ್ದೂ ನಾನು ಸುಳ್ಳು ಹೇಳಿದೆ.

ಓದಿದ್ದು ನಿನ್ನ ತಲೆಯಲ್ಲಿ ನಿಲ್ಲದಿದ್ದರೆ ಅದು ನಿನ್ನ ತಪ್ಪಲ್ಲ. ನಿನ್ನ ಅಪ್ಪನ ತಪ್ಪೂ ಅಲ್ಲ, ಅವ್ವನ ತಪ್ಪೂ ಅಲ್ಲ. ಮರೆತರೆ ಇದನ್ನು ಮತ್ತೆ ಓದಿಸಿಕೋ. ಎಷ್ಟು ಸಲ ಬೇಕಾದರೂ ಓದಿಸಿಕೋ.

ಶಾಲೆಯಲ್ಲಾಗಲಿ ಊರಿನಲ್ಲಾಗಲಿ ಯಾರಾದರೂ ಬೇರೆ ಮಾತು ಹೇಳಿದರೆ ಈ ಕಾಗದ ತೋರಿಸು. ಅವರು ನಂಬದಿದ್ದರೆ ನನ್ನನ್ನು ಕರೆಸು. ಕೆಳಗೆ ನನ್ನ ಮನೆಯ ವಿಳಾಸ, ಫೋನ್ ನಂಬರು ಬರೆದಿದ್ದೇನೆ. ಬಂದು ಎಲ್ಲರ ಎದುರು ನಿಂತು ಹೇಳುತ್ತೇನೆ.

ಸಹಿ,
ನೀಲಿಮಾ, ಮಧ್ವೇಶನ ಹೆಂಡತಿ